ಕೀ ಗೊಂಚಲಿನಲ್ಲಿ ನನ್ನ ಕಂಪ್ಯೂಟರ್

ಜುಲೈ ತಿಂಗಳ ಕೊನೆಯ ವಾರ. ತೊಗರಿಗೆ ಬೆಳೆ ವಿಮೆ ಕಟ್ಟಲು ಇನ್ನೆರಡೇ ದಿನ ಉಳಿದಿತ್ತು. ನಾನು ಕಲಬುರಗಿಯಲ್ಲಿ ಕಾಲೇಜಿನ ಲ್ಯಾಬ್‌ನಲ್ಲಿದ್ದೆ. ಫೋನ್ ಬಂತು. ಊರಿನಿಂದ ಕಾಕಾ.

‘ಯವ್ವಾ, ನಿನ್ನೆ ಮಿಷಿನ್‌ಗೆ ಏನ್ ಮಾಡಿ ಹೋಗೀದಿ? ಮುಂಜಾನಿಂದ ಚಾಲೂನೇ ಆಗವಲ್ದು. ಕರಿ ಪರದೆ ಮ್ಯಾಲ ಗ್ರಬ್ ಅಂತ ಬರದು ಸುಮ್ನ ಕುಂತದ. ಹೊರಗ ಮಂದಿ ಸಾಲು ಹಚ್ಚ್ಯಾರ. ನಿಮ್ಮಪ್ಪನೂ ಅಲ್ಲೇ ನಿಂತಾನ.’

ನನ್ನ ಎದೆ ಧಸಕ್ಕೆಂದಿತು. ಅಫಜಲಪುರ ತಾಲ್ಲೂಕಿನ ಅತನೂರ ನಮ್ಮೂರು. ಅಲ್ಲಿ ಕಾಕಾನದು ಒಂದು ಸಣ್ಣ ಝೆರಾಕ್ಸ್ ಅಂಗಡಿ. ಪಹಣಿ ತೆಗೆಸುವುದು, ಅರ್ಜಿ ತುಂಬುವುದು, ವಿಮೆ ಕಟ್ಟುವುದು ಎಲ್ಲವೂ ಅಲ್ಲಿರುವ ಒಂದೇ ಕಂಪ್ಯೂಟರ್‌ನಲ್ಲಿ. ಭಾನುವಾರ ಅದೇ ಕಂಪ್ಯೂಟರ್ ಮುಂದೆ ನಾಲ್ಕು ತಾಸು ಕೂತು, ನನ್ನ ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಿಕೊಂಡು, ಖುಷಿಯಿಂದ ಬಸ್ ಹತ್ತಿ ಬಂದಿದ್ದೆ. ತಪ್ಪು ನನ್ನದೇ ಎಂಬುದು ಆ ಕ್ಷಣವೇ ಹೊಳೆಯಿತು. ಏನು ತಪ್ಪು ಎಂಬುದು ಮಾತ್ರ ಹೊಳೆಯಲಿಲ್ಲ.

ಅದನ್ನು ಹೇಳುವ ಮೊದಲು, ಪೆನ್‌ಡ್ರೈವ್‌ನಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವ ಹುಚ್ಚು ನನಗೆ ಯಾಕೆ ಹಿಡಿಯಿತು ಎಂದು ಹೇಳಬೇಕು.

ಬುತ್ತಿ ನಮ್ಮದು, ಕಟ್ಟೆ ಬೇರೆಯವರದು

ಬಿ.ಇ. ಸೇರಿದಾಗ ನಮ್ಮ ತರಗತಿಯ ಹೆಚ್ಚಿನವರ ಬಳಿ ಲ್ಯಾಪ್‌ಟಾಪ್ ಇತ್ತು. ನನ್ನ ಬಳಿ ಇರಲಿಲ್ಲ. ಅಪ್ಪನ ಒಣಬೇಸಾಯದ ತೊಗರಿ ಒಂದು ವರ್ಷ ಕೈಹಿಡಿದರೆ ಮರುವರ್ಷ ಮಳೆಗೋ ಗೊಡ್ಡು ರೋಗಕ್ಕೋ ಹೋಗುತ್ತದೆ. ಕಾಲೇಜು ಫೀ, ಹಾಸ್ಟೆಲ್ ಖರ್ಚು ಹೊಂದಿಸುವುದೇ ಅವನಿಗೆ ಸಾಕಾಗಿತ್ತು. ಲ್ಯಾಪ್‌ಟಾಪ್ ಬೇಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ‘ಶಕ್ತಿ’ ಯೋಜನೆಯಿಂದ ಬಸ್ಸಿನ ಖರ್ಚು ಉಳಿದಿದ್ದೇ ದೊಡ್ಡದು ಅನ್ನಿಸಿತ್ತು.

ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಬರೆದ ಪ್ರೋಗ್ರಾಂ ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರಲಿಲ್ಲ. ಅಲ್ಲಿ ಓಡಿದ್ದು ಕಾಕಾನ ಅಂಗಡಿಯಲ್ಲಿ ಓಡುತ್ತಿರಲಿಲ್ಲ. ಒಂದು ಕಡೆ ಕಂಪೈಲರ್ ಇಲ್ಲ, ಇನ್ನೊಂದು ಕಡೆ ಪೈಥಾನ್ ಹಳೆಯದು. ಪ್ರತಿ ಸಲ ಅರ್ಧ ತಾಸು ಹೊಂದಾಣಿಕೆಗೇ ಹೋಗುತ್ತಿತ್ತು. ಒಂದು ದಿನ ನಮ್ಮ ಲ್ಯಾಬ್‌ನ ಸರ್ ಹೇಳಿದರು: ‘ಕಂಪ್ಯೂಟರ್ ಇಲ್ಲದಿದ್ದರೆ ಏನಾಯಿತು? ಆಪರೇಟಿಂಗ್ ಸಿಸ್ಟಂ ನಿನ್ನದೇ ಇಟ್ಟುಕೋ.’

ಮಾತು ಸರಳ. ನಮ್ಮ ಕಡೆ ಹೊಲಕ್ಕೋ ಜಾತ್ರೆಗೋ ಹೋಗುವವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕೂತು ಉಣ್ಣಲು ಯಾರದೋ ಕಟ್ಟೆ ಸಾಕು. ಕಂಪ್ಯೂಟರ್‌ನಲ್ಲಿಯೂ ಹಾಗೆಯೇ. ಪರದೆ, ಕೀಬೋರ್ಡ್, ಪ್ರೊಸೆಸರ್, ರ್‍ಯಾಮ್ ಬೇರೆಯವರದಾಗಿರಲಿ. ಸಿಸ್ಟಂ, ನನ್ನ ತಂತ್ರಾಂಶಗಳು, ನನ್ನ ಕಡತಗಳು ಪೆನ್‌ಡ್ರೈವ್‌ನಲ್ಲಿರಲಿ. ಕಂಪ್ಯೂಟರ್ ಚಾಲೂ ಮಾಡುವಾಗ ಒಳಗಿನ ಹಾರ್ಡ್‌ಡಿಸ್ಕ್ ಬದಲು ಪೆನ್‌ಡ್ರೈವ್‌ನಿಂದ ಬೂಟ್ ಆಗು ಎಂದು ಹೇಳಿದರೆ ಆಯಿತು. ಕೆಲಸ ಮುಗಿಸಿ ಪೆನ್‌ಡ್ರೈವ್ ತೆಗೆದರೆ ಆ ಕಂಪ್ಯೂಟರ್ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ.

ಈ ಯೋಚನೆ ಹೊಸದಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬರೆದಾಗ ಅವರು ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿ. ನನಗಿಂತ ಒಂದೇ ವರ್ಷ ದೊಡ್ಡವರು! 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ‘ನಾಪಿಕ್ಸ್’ ಹೊರತಂದರು. ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದು ಸಿ.ಡಿ.ಯಿಂದಲೇ ಓಡುವ ಲಿನಕ್ಸ್ ಅದು. ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂದ ಮೇಲೆ ಇದು ಇನ್ನೂ ಸುಲಭವಾಯಿತು. ಸಿ.ಡಿ.ಯ ಮೇಲೆ ತಿರುಗಿ ಬರೆಯಲು ಆಗುತ್ತಿರಲಿಲ್ಲ, ಪೆನ್‌ಡ್ರೈವ್ ಮೇಲೆ ಆಗುತ್ತದೆ.

ಮೊದಲ ಪಾಠ: ಟ್ರೇಸಿಂಗ್ ಪೇಪರ್ ತುಂಬಿದಾಗ

ನಾನು 32 ಜಿಬಿಯ ಒಂದು ಪೆನ್‌ಡ್ರೈವ್ ಕೊಂಡೆ. ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಂಡೆ. ವಿಂಡೋಸ್‌ನಲ್ಲಿ ಓಡುವ ‘ರೂಫಸ್’ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆದೆ. ಇದಕ್ಕೆ ‘ಲೈವ್’ ಪೆನ್‌ಡ್ರೈವ್ ಎನ್ನುತ್ತಾರೆ. ಲೈವ್‌ನಲ್ಲಿ ಮಾಡಿದ ಕೆಲಸ ಕಂಪ್ಯೂಟರ್ ಬಂದ್ ಮಾಡಿದೊಡನೆ ಅಳಿಸಿಹೋಗುತ್ತದೆ. ಅದು ಉಳಿಯಬೇಕೆಂದರೆ ‘ಪರ್ಸಿಸ್ಟೆನ್ಸ್’ ಎಂಬ ಜಾಗ ಬೇರೆ ಇಡಬೇಕು. ನಾನು 4 ಜಿಬಿ ಇಟ್ಟೆ. ಸಾಕೆನ್ನಿಸಿತ್ತು.

ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಅಪ್‌ಡೇಟ್ ಬಂದಿದೆ ಎಂದು ಪರದೆಯ ಮೂಲೆಯಲ್ಲಿ ಸೂಚನೆ ಕಂಡಾಗಲೆಲ್ಲ ಒತ್ತುತ್ತಿದ್ದೆ. ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದೆ. ಮಿನಿ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಕಡತ ಉಳಿಸಲು ಹೋದರೆ ‘ಜಾಗವಿಲ್ಲ’ ಎಂದಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಡೆಸ್ಕ್‌ಟಾಪ್ ಬರಲೇ ಇಲ್ಲ.

ಆದದ್ದು ಇಷ್ಟು. ಲೈವ್ ಪೆನ್‌ಡ್ರೈವ್‌ನಲ್ಲಿ ಮೂಲ ಸಿಸ್ಟಂ ಒಂದೇ ಕಡತದಲ್ಲಿ ಒತ್ತಿ ತುಂಬಿ ಮುಚ್ಚಿಟ್ಟಂತೆ ಇರುತ್ತದೆ. ಅದನ್ನು ಓದಬಹುದು, ಬದಲಿಸಲು ಬರುವುದಿಲ್ಲ. ಬದಲಾವಣೆಗಳೆಲ್ಲ ಮೇಲಿನ ಇನ್ನೊಂದು ಪದರದಲ್ಲಿ ಕೂರುತ್ತವೆ. ಅಚ್ಚಾದ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಿದ್ದಿದಂತೆ. ನಾನು ಬ್ರೌಸರ್ ಅಪ್‌ಡೇಟ್ ಮಾಡಿದರೆ ಹಳೆಯ ಬ್ರೌಸರ್ ಕೆಳಗೆ ಹಾಗೆಯೇ ಉಳಿದು, ಹೊಸದು ಮೇಲೆ ಬಂದು ಕೂರುತ್ತದೆ. ಹಳೆಯದನ್ನು ಅಳಿಸಿದರೂ ಜಾಗ ಸಿಗುವುದಿಲ್ಲ. ‘ಅಳಿಸಲಾಗಿದೆ’ ಎಂಬ ಗುರುತು ಮಾತ್ರ ಮೇಲಿನ ಪದರದಲ್ಲಿ ಬೀಳುತ್ತದೆ. ಹೀಗೆ ಪ್ರತಿ ಅಪ್‌ಡೇಟ್‌ಗೂ ನನ್ನ 4 ಜಿಬಿ ಕರಗುತ್ತಾ ಬಂದಿತ್ತು.

ಇನ್ನೊಂದು ಸತ್ಯವೂ ಗೊತ್ತಾಯಿತು. ಲೈವ್ ಪೆನ್‌ಡ್ರೈವ್ ಚಾಲೂ ಆಗುವುದು ಮೂಲ ಕಡತದ ಜೊತೆಗಿರುವ ಹಳೆಯ ಕರ್ನಲ್‌ನಿಂದಲೇ. ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಇಳಿದು ಜಾಗ ತಿನ್ನುತ್ತದೆ, ಆದರೆ ಬಳಕೆಗೆ ಬರುವುದಿಲ್ಲ. ಅಂದರೆ ಸುರಕ್ಷತೆಯ ಮುಖ್ಯ ತಿದ್ದುಪಡಿಗಳು ಬಂದವೆಂದು ನಾನು ನಂಬಿದ್ದೆ, ನಿಜವಾಗಿ ಬಂದಿರಲಿಲ್ಲ.

ಪ್ರಾಜೆಕ್ಟ್ ಉಳಿಯಿತು. ಲ್ಯಾಬ್‌ನ ಸರ್ ಪೆನ್‌ಡ್ರೈವ್ ಅನ್ನು ಬೇರೊಂದು ಲಿನಕ್ಸ್ ಕಂಪ್ಯೂಟರ್‌ಗೆ ಚುಚ್ಚಿ, ಪರ್ಸಿಸ್ಟೆನ್ಸ್ ಪಾರ್ಟಿಷನ್ ತೆರೆದು, ‘ಅಪ್ಪರ್’ ಎಂಬ ಫೋಲ್ಡರ್ ತೋರಿಸಿದರು. ಮೇಲಿನ ಪದರ ಎಂದರೆ ಅದೇ. ಅದರೊಳಗೆ ‘ಹೋಮ್’, ಅದರೊಳಗೆ ನನ್ನ ಕಡತಗಳು. ಹದಿನೈದು ನಿಮಿಷದ ಕೆಲಸ. ಆದರೆ ಹಿಂದಿನ ರಾತ್ರಿ ನಾನು ಊಟ ಮಾಡಿರಲಿಲ್ಲ.

ಎರಡನೇ ಪಾಠ: ತಲೆ ಅತನೂರಿನಲ್ಲಿ, ಮುಂಡ ಕಲಬುರಗಿಯಲ್ಲಿ

ಲೈವ್ ಬೇಡ, ಹಾರ್ಡ್‌ಡಿಸ್ಕ್‌ಗೆ ಮಾಡುವಂತೆಯೇ ಪೆನ್‌ಡ್ರೈವ್‌ಗೆ ಪೂರ್ತಿ ಇನ್‌ಸ್ಟಾಲ್ ಮಾಡಬೇಕು ಎಂದು ತೀರ್ಮಾನಿಸಿದೆ. ಇದಕ್ಕೆ ಎರಡು ಪೆನ್‌ಡ್ರೈವ್ ಬೇಕು. ಒಂದರಲ್ಲಿ ಇನ್‌ಸ್ಟಾಲ್ ಮಾಡುವ ಲೈವ್ ಮಿಂಟ್, ಇನ್ನೊಂದು ಸಿಸ್ಟಂ ಕೂರುವ ಜಾಗ. ಹಳೆಯದನ್ನು ಲೈವ್ ಮಾಡಿದೆ, 64 ಜಿಬಿಯ ಯುಎಸ್‌ಬಿ 3 ಪೆನ್‌ಡ್ರೈವ್ ಹೊಸದಾಗಿ ಕೊಂಡೆ. ಭಾನುವಾರ ಕಾಕಾನ ಅಂಗಡಿ ಬಂದ್ ಇರುತ್ತದೆ. ಅಲ್ಲೇ ಕೂತು ಕೆಲಸ ಮುಗಿಸಿದೆ.

ಯಾವ ಡಿಸ್ಕ್‌ಗೆ ಎಂದು ಕೇಳಿದಾಗ ಪೆನ್‌ಡ್ರೈವ್ ಆರಿಸಿದ್ದೆ. ಬೂಟ್‌ಲೋಡರ್ ಎಲ್ಲಿ ಎಂದು ಕೇಳಿದಾಗಲೂ ಪೆನ್‌ಡ್ರೈವನ್ನೇ ಆರಿಸಿದ್ದೆ. ಆದರೂ ಎಡವಟ್ಟಾಯಿತು. ಈಗಿನ ಕಂಪ್ಯೂಟರ್‌ಗಳಲ್ಲಿ ಬೂಟ್ ಮಾಡುವ ಕಡತಗಳಿಗೆಂದೇ ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್ ಇರುತ್ತದೆ. ನಾನು ಬಳಸಿದ ಇನ್‌ಸ್ಟಾಲರ್ ನನ್ನ ಆಯ್ಕೆಯನ್ನು ಬದಿಗಿಟ್ಟು, ಒಳಗಿನ ಹಾರ್ಡ್‌ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲೇ ‘ಗ್ರಬ್’ ಬೂಟ್‌ಲೋಡರ್ ಕೂರಿಸಿ, ಅದನ್ನೇ ಮೊದಲ ಸಾಲಿನಲ್ಲಿ ನಿಲ್ಲಿಸಿತ್ತು. ಪೆನ್‌ಡ್ರೈವ್ ಚುಚ್ಚಿದ್ದಷ್ಟು ಹೊತ್ತು ಏನೂ ತಿಳಿಯಲಿಲ್ಲ. ನಾನು ಅದನ್ನು ಕಿತ್ತುಕೊಂಡು ಬಸ್ ಹತ್ತಿದೆ. ಮರುದಿನ ಗ್ರಬ್ ತನ್ನ ಉಳಿದ ಭಾಗ ಹುಡುಕಿತು, ಸಿಗಲಿಲ್ಲ, ಕರಿ ಪರದೆ ತೋರಿಸಿ ಕೂತಿತು. ಇತ್ತ ಲ್ಯಾಬ್‌ನಲ್ಲಿ ನನ್ನ ಪೆನ್‌ಡ್ರೈವೂ ಚಾಲೂ ಆಗಲಿಲ್ಲ. ತಲೆ ಅತನೂರಿನಲ್ಲಿ, ಮುಂಡ ಕಲಬುರಗಿಯಲ್ಲಿ!

ಸರ್ ಬಳಿ ಓಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ವಿಂಡೋಸ್ ಪಾರ್ಟಿಷನ್ ಮುಟ್ಟಿದ್ದೀಯಾ?’ ಇಲ್ಲ ಎಂದೆ. ‘ಹಾಗಾದರೆ ಅದು ಅಲ್ಲೇ ಇದೆ. ದಾರಿ ಮಾತ್ರ ತಪ್ಪಿದೆ’ ಎಂದರು.

ಫೋನ್‌ನಲ್ಲಿಯೇ ಕಾಕಾನಿಗೆ ಹೇಳಿದೆ. ಚಾಲೂ ಮಾಡಿದೊಡನೆ ಎಫ್12 ಕೀ ಒತ್ತುತ್ತಲೇ ಇರಿ. ಮೊದಲ ಸಲ ತಡವಾಯಿತು. ಎರಡನೇ ಸಲ ಬೇರೆ ಕೀ ಒತ್ತಿದರು. ಮೂರನೇ ಸಲ ಪಟ್ಟಿ ಬಂತು.

‘ಉಬುಂಟು ಅಂತ ಒಂದದ. ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇನ್ನೊಂದದ. ನೀ ಮಿಂಟ್ ಅಂದಿದ್ದಿಲ್ಲೇನ?’

ಮಿಂಟ್ ಕಟ್ಟಿರುವುದು ಉಬುಂಟು ಮೇಲೆ, ಅದಕ್ಕೇ ಆ ಹೆಸರು ಎಂದು ವಿವರಿಸಲು ಅದು ಹೊತ್ತಲ್ಲ. ‘ವಿಂಡೋಸ್ ಅಂತ ಇರೋದು ಒತ್ರಿ ಕಾಕಾ’ ಎಂದೆ. ಒಂದು ನಿಮಿಷ ಆ ಕಡೆ ಮಾತಿಲ್ಲ. ಆಮೇಲೆ ಸಾಲಿನಲ್ಲಿ ನಿಂತವರ ಗದ್ದಲದ ನಡುವೆ ಕಾಕಾನ ದನಿ: ‘ಬಂತು, ಬಂತು!’

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಪಾಳಿ ಬಂತು, ವಿಮೆ ಕಟ್ಟಿದ ರಸೀದಿ ಸಿಕ್ಕಿತು. ರಾತ್ರಿ ಫೋನ್ ಮಾಡಿದೆ, ಬೈಯುತ್ತಾನೆ ಎಂದುಕೊಂಡು. ಅಪ್ಪ ಬೈಯಲಿಲ್ಲ. ‘ಕಲಿಯಾಕ ಹೋಗಿ ಕೆಡಿಸೀದಿ. ಕಲ್ತೇ ನೆಟ್ಟಗ ಮಾಡು’ ಎಂದು ಇಟ್ಟುಬಿಟ್ಟ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನಮ್ಮ ಒಂದು ವರ್ಷದ ಬೆಳೆಯ ಭದ್ರತೆ, ಸಾಲಿನಲ್ಲಿದ್ದ ಅಷ್ಟೂ ಮನೆಗಳ ಭದ್ರತೆ, ನಾನು ಒತ್ತಿದ ಒಂದು ಗುಂಡಿಗೆ ತೂಗಿಬಿದ್ದಿತ್ತು. ಲ್ಯಾಬ್‌ನಲ್ಲಿ ತಪ್ಪಾದರೆ ಅಂಕ ಹೋಗುತ್ತದೆ. ಊರಿನಲ್ಲಿ ತಪ್ಪಾದರೆ ಯಾರದೋ ದಿನ ಹೋಗುತ್ತದೆ.

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಮೊದಲು ಕಂಪ್ಯೂಟರ್‌ನ ವೈರ್ ಕಿತ್ತು, ಡಬ್ಬಿ ತೆರೆದು, ಹಾರ್ಡ್‌ಡಿಸ್ಕ್‌ನ ಕೇಬಲ್ ತೆಗೆದಿಟ್ಟೆ. ಈಗ ಕಂಪ್ಯೂಟರ್‌ಗೆ ಕಾಣುವುದು ನನ್ನ ಎರಡು ಪೆನ್‌ಡ್ರೈವ್ ಮಾತ್ರ. ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಬೇರೆ ಜಾಗವೇ ಇಲ್ಲದ್ದರಿಂದ ಬೂಟ್‌ಲೋಡರ್ ಪೆನ್‌ಡ್ರೈವ್‌ನಲ್ಲೇ ಕೂತಿತು. ಆಮೇಲೆ ಕೇಬಲ್ ಜೋಡಿಸಿ, ಬಯೋಸ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದೆ. ಪೆನ್‌ಡ್ರೈವ್ ತೆಗೆದು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿ ನೋಡಿದ ಮೇಲೆಯೇ ಅಂಗಡಿಯಿಂದ ಹೊರಬಿದ್ದೆ. ಸೋಮವಾರ ಲ್ಯಾಬ್‌ನಲ್ಲಿ ಚುಚ್ಚಿದರೆ ನನ್ನ ಡೆಸ್ಕ್‌ಟಾಪ್ ಹಾಗೆಯೇ ಎದ್ದು ಬಂತು.

ಅಪ್‌ಡೇಟ್ ಮಾಡುವ ಮುನ್ನ

ಪೂರ್ತಿ ಇನ್‌ಸ್ಟಾಲ್ ಆದ ಪೆನ್‌ಡ್ರೈವ್‌ನಲ್ಲಿ ಅಪ್‌ಡೇಟ್ ನಿಜವಾದ ಅಪ್‌ಡೇಟ್. ಹಳೆಯದು ಹೋಗಿ ಹೊಸದು ಬರುತ್ತದೆ, ಕರ್ನಲ್ ಕೂಡ ಬದಲಾಗುತ್ತದೆ. ಆದರೂ ಇದು ಹಾರ್ಡ್‌ಡಿಸ್ಕ್ ಅಲ್ಲ ಎಂಬುದನ್ನು ಮರೆಯಬಾರದು. ನಾನು ಪಾಲಿಸುವ ಕೆಲವು ಮಾತು ಹೇಳುತ್ತೇನೆ.

ಮೊದಲನೆಯದು, ಆಪ್ಟ್‌ನ ಎರಡು ಆಜ್ಞೆಗಳ ವ್ಯತ್ಯಾಸ. ‘ಆಪ್ಟ್ ಅಪ್‌ಡೇಟ್’ ಎಂದರೆ ಸಂತೆಗೆ ಹೋಗಿ ಏನೇನು ಬಂದಿದೆ ಎಂದು ಕೇಳಿ ಬಂದಂತೆ. ‘ಆಪ್ಟ್ ಅಪ್‌ಗ್ರೇಡ್’ ಎಂದರೆ ಚೀಲ ತುಂಬಿಕೊಂಡು ಬಂದಂತೆ. ಮೊದಲನೆಯದನ್ನಷ್ಟೇ ಮಾಡಿ ಸಿಸ್ಟಂ ಹೊಸದಾಯಿತು ಎಂದುಕೊಂಡವರನ್ನು ನಾನು ನೋಡಿದ್ದೇನೆ.

ಎರಡನೆಯದು, ಜಾಗ. ಅಪ್‌ಗ್ರೇಡ್‌ಗೆ ಮೊದಲು ಎಷ್ಟು ಜಾಗ ಖಾಲಿ ಇದೆ ಎಂದು ನೋಡುತ್ತೇನೆ. ಮುಗಿದ ಮೇಲೆ ‘ಆಪ್ಟ್ ಕ್ಲೀನ್’ ಕೊಟ್ಟರೆ ಇಳಿಸಿಕೊಂಡ ಪ್ಯಾಕೇಜ್ ಕಡತಗಳು ಹೋಗುತ್ತವೆ. ‘ಆಪ್ಟ್ ಆಟೊರಿಮೂವ್’ ಬೇಡವಾದ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಆದರೆ ಹೊಸ ಕರ್ನಲ್‌ನಲ್ಲಿ ಸಿಸ್ಟಂ ಸರಿಯಾಗಿ ಚಾಲೂ ಆಗುತ್ತದೆ ಎಂದು ನೋಡಿದ ಮೇಲೆಯೇ ಆಟೊರಿಮೂವ್. ಹೊಸದು ಕೈಕೊಟ್ಟರೆ ಗ್ರಬ್‌ನ ಹೆಚ್ಚಿನ ಆಯ್ಕೆಗಳ ಪಟ್ಟಿಯಿಂದ ಹಳೆಯದನ್ನು ಹಿಡಿದು ಒಳಗೆ ಹೋಗಬಹುದು.

ಮೂರನೆಯದು, ಸಮಯ ಮತ್ತು ಕರೆಂಟ್. ಪೆನ್‌ಡ್ರೈವ್ ಓದುವುದು ವೇಗ, ಸಣ್ಣ ಸಣ್ಣ ಕಡತಗಳನ್ನು ಬರೆಯುವುದು ನಿಧಾನ. ಕರ್ನಲ್ ಅಪ್‌ಡೇಟ್ ಬಂದರೆ ಅರ್ಧ ತಾಸು ಹಿಡಿದರೂ ಹಿಡಿಯಿತು. ಒಮ್ಮೆ ಊರಿನಲ್ಲಿ ಅಪ್‌ಗ್ರೇಡ್ ನಡೆದಿದ್ದಾಗ ಕರೆಂಟ್ ಹೋಯಿತು. ಅಂಗಡಿಯ ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಮತ್ತೆ ಚಾಲೂ ಮಾಡಿದಾಗ ಅರ್ಧ ಪ್ಯಾಕೇಜ್‌ಗಳು ಹಳೆಯವು, ಅರ್ಧ ಹೊಸವು. ‘ಡಿಪಿಕೆಜಿ’ಗೆ ‘ಕಾನ್ಫಿಗರ್’ ಆಜ್ಞೆ ಕೊಟ್ಟು ಬಾಕಿ ಉಳಿದದ್ದೆಲ್ಲ ಮುಗಿಸು ಎಂದ ಮೇಲೆ ಸರಿಹೋಯಿತು. ಅಂದಿನಿಂದ ದೊಡ್ಡ ಅಪ್‌ಗ್ರೇಡ್ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಪೂರ್ತಿ ಬಂದ್ ಆಗುವವರೆಗೆ ಪೆನ್‌ಡ್ರೈವ್‌ಗೆ ಕೈ ಹಚ್ಚುವುದಿಲ್ಲ.

ನಾಲ್ಕನೆಯದು, ಸವೆತ. ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆಯಬಹುದು ಎಂಬ ಮಿತಿ ಇದೆ. ಅದಕ್ಕೇ ಪೆನ್‌ಡ್ರೈವ್ ಮೇಲೆ ಸ್ವಾಪ್ ಇಟ್ಟಿಲ್ಲ. ಕಡತ ಓದಿದಾಗಲೆಲ್ಲ ವೇಳೆ ಬರೆದಿಡುವುದನ್ನು ತಪ್ಪಿಸುವ ‘ನೋಎಟೈಮ್’ ಆಯ್ಕೆ ಹಾಕಿದ್ದೇನೆ. ಒಂದು ಕಂಪ್ಯೂಟರ್‌ಗೆಂದೇ ಇರುವ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಳ್ಳುವುದಿಲ್ಲ. ಇನ್ನೊಂದರಲ್ಲಿ ಪರದೆ ಕಪ್ಪಾಗಬಹುದು. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಪ್ರಾಜೆಕ್ಟ್ ಕಡತಗಳ ಒಂದು ಪ್ರತಿ ಬೇರೆ ಕಡೆ. ಪೆನ್‌ಡ್ರೈವ್ ಸಾಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಕೊನೆಯದು, ಅನುಮತಿ ಮತ್ತು ಬೀಗ. ಕಾಲೇಜು, ಕಚೇರಿ, ಯಾರದೇ ಕಂಪ್ಯೂಟರ್ ಆಗಲಿ, ಕೇಳದೆ ಬೂಟ್ ಮಾಡಬಾರದು. ನಮ್ಮ ಲ್ಯಾಬ್‌ನಲ್ಲಿ ನನಗೆ ಒಂದು ಕಂಪ್ಯೂಟರ್ ಗೊತ್ತು ಮಾಡಿ ಕೊಟ್ಟಿದ್ದಾರೆ. ಇಷ್ಟು ಸಣ್ಣ ವಸ್ತು ಬಸ್ಸಿನಲ್ಲಿ ಬಿದ್ದುಹೋಗುವುದು ಸುಲಭ. ಆದ್ದರಿಂದ ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಶನ್ ಆರಿಸಿಕೊಂಡೆ. ಪಾಸ್‌ವರ್ಡ್ ಇಲ್ಲದೆ ಸಿಕ್ಕವರಿಗೆ ಏನೂ ಸಿಗದು.

ನಮಗೇಕೆ ಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಎಷ್ಟೋ ಹಳೆಯ ಕಂಪ್ಯೂಟರ್‌ಗಳು ಮನೆಗಳಲ್ಲಿ ಧೂಳು ತಿನ್ನುತ್ತಿವೆ. 64 ಬಿಟ್ ಪ್ರೊಸೆಸರ್, 4 ಜಿಬಿ ರ್‍ಯಾಮ್ ಇದ್ದರೆ ಮಿಂಟ್ ಅದರಲ್ಲಿ ಆರಾಮಾಗಿ ಓಡುತ್ತದೆ. ಹಾರ್ಡ್‌ಡಿಸ್ಕ್ ಸತ್ತ ಕಂಪ್ಯೂಟರ್ ಕೂಡ ಪೆನ್‌ಡ್ರೈವ್‌ನಿಂದ ಎದ್ದು ಕೂರುತ್ತದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಸಂಸ್ಥೆ ಅವರಿಗಾಗಿಯೇ ಒಂದು ಆವೃತ್ತಿ ಸಿದ್ಧಪಡಿಸಿ ಕೊಡುತ್ತದೆ.

ಕನ್ನಡಕ್ಕೂ ತೊಂದರೆಯಿಲ್ಲ. ಈ ಲೇಖನವನ್ನು ನಾನು ಟೈಪ್ ಮಾಡಿದ್ದು ಅದೇ ಪೆನ್‌ಡ್ರೈವ್‌ನಲ್ಲಿ. ಐಬಸ್‌ನಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ಸಾಕು, ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ಬಳಸಿದವರಿಗೆಲ್ಲ ಪರಿಚಯವಿರುವ ಕೀಲಿಮಣೆ ಅದೇ.

ಕೆಲಸ ಹುಡುಕುವವರಿಗೆ ಒಂದು ಮಾತು. ಜಗತ್ತಿನ ಬಹುಪಾಲು ಸರ್ವರ್‌ಗಳು ಓಡುವುದು ಲಿನಕ್ಸ್ ಮೇಲೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್‌ನ ಒಳಗಿರುವುದೂ ಲಿನಕ್ಸ್ ಕರ್ನಲ್. ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ‘ಲಿನಕ್ಸ್ ಬರುತ್ತದೆಯೇ?’ ಎಂದು ಕೇಳಿದರು. ನಾನು ಪುಸ್ತಕದ ಉತ್ತರ ಹೇಳಲಿಲ್ಲ. ಕಾಕಾನ ಅಂಗಡಿಯ ಕಥೆ ಹೇಳಿದೆ, ತಪ್ಪು ಹೇಗಾಯಿತು, ಹೇಗೆ ಸರಿಪಡಿಸಿದೆ ಎಂದು ಹೇಳಿದೆ. ಅವರು ಹತ್ತು ನಿಮಿಷ ಅದರ ಮೇಲೆಯೇ ಪ್ರಶ್ನೆ ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಎದುರಿಗೆ ಕೂತು ಉತ್ತರ ಹೇಳುವಾಗ ಮೊದಲ ಸಲ ನನಗೆ ಹೆದರಿಕೆ ಆಗಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಕಂಪ್ಯೂಟರ್‌ನಲ್ಲಿ ವಿಂಡೋಸ್ ತಾನಾಗಿಯೇ ಕೆಟ್ಟು ಕೂತಿತ್ತು. ನನ್ನ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಅಂಗಡಿಯ ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೆ ತೆಗೆದುಕೊಟ್ಟೆ. ಕಾಕಾ ಒಂದೂ ಮಾತಾಡದೆ ನೋಡುತ್ತಾ ನಿಂತಿದ್ದರು. ಹೊರಡುವಾಗ ಕೀ ಗೊಂಚಲನ್ನು ಕೈಗಿತ್ತು ಹೇಳಿದರು:

‘ಈ ಕಡ್ಡಿ ಮರೀದಂಗ ತಗೊಂಡ್ ಹೋಗು. ನನ್ ಮಿಷಿನ್ದು ತಲಿ ಮಾತ್ರ ಇಲ್ಲೇ ಬಿಟ್ಟ್ ಹೋಗವ್ವಾ!’